ಇಪ್ಪತ್ತೊಂದು ಅಂಕಿಗಳ ಮೊಕದ್ದಮೆ

ಚದುರಂಗದ ಮಣೆಯ ಮೊದಲ ಮನೆಯಲ್ಲಿ ಒಂದು ಜೋಳದ ಕಾಳು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನದರ ಇಮ್ಮಡಿ ಇಡುತ್ತ ಹೋದರೆ ಅರಸನ ಕಣಜವೇ ಬರಿದಾಗುವುದೆಂಬ ಕಥೆಯನ್ನು ಕೇಳದವರು ವಿರಳ. ಅರವತ್ತನಾಲ್ಕು ಮನೆಗಳು ತುಂಬಿದ ಮೇಲೂ ನಿಲ್ಲದೆ, ಮಣೆಗೆ ಇನ್ನು ಮೂರು ಮನೆಗಳನ್ನು ಜೋಡಿಸಿ ಅದೇ ಕ್ರಮದಲ್ಲಿ ಕಾಳಿಟ್ಟರೆ, ಅರವತ್ತೇಳು ಮನೆಗಳ ಒಟ್ಟು ಲೆಕ್ಕ ಹೀಗಾಗುತ್ತದೆ: 14,75,73,95,25,89,67,64,12,927. ಅರವತ್ತೇಳು ಎರಡುಗಳನ್ನು ಒಂದರಿಂದೊಂದು ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೂ ದೊರೆಯುವುದು ಇದೇ ಸಂಖ್ಯೆ.

ಇದರಲ್ಲಿ ಇಪ್ಪತ್ತೊಂದು ಅಂಕಿಗಳಿವೆ. ಕೋಟಿಯ ಆಚೆಗೆ ಹೆಸರು ತಡಕಾಡುವ ಇಂದಿನವರಿಗೆ ಇದನ್ನು ಓದುವುದೇ ಕಷ್ಟ. ಆದರೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿ, ಆ ಅರಸನನ್ನು ಗ್ರಂಥಾರಂಭದಲ್ಲಿಯೇ ಸ್ತುತಿಸಿದ ಮಹಾವೀರಾಚಾರ್ಯನಿಗೆ ಈ ತೊಡಕು ಇರಲಿಲ್ಲ. ಅವನು 'ಗಣಿತಸಾರಸಂಗ್ರಹ'ದಲ್ಲಿ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಇಪ್ಪತ್ತನೆಯದು ಮಹಾಶಂಖ, ಇಪ್ಪತ್ತೊಂದನೆಯದು ಕ್ಷಿತಿ. ಆ ಲೆಕ್ಕದಲ್ಲಿ ನಮ್ಮ ಸಂಖ್ಯೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ ಎಂದು ಆರಂಭವಾಗುತ್ತದೆ. ಅಕ್ಕಲಕೋಟೆಗೆ ದೂರವಲ್ಲದ ಮಳಖೇಡವನ್ನು ರಾಜಧಾನಿಯಾಗಿಸಿಕೊಂಡಿದ್ದ ಅರಸನ ನಾಡಿನಲ್ಲಿ, ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ, ಇಂಥ ಸಂಖ್ಯೆಯನ್ನು ಬಾಯಿತುಂಬ ಉಚ್ಚರಿಸುವ ಪದಗಳಿದ್ದುವು.

ಹೆಸರಿಸುವುದು ಒಂದು ಕೆಲಸ. ಗುಣವನ್ನು ತಿಳಿಯುವುದು ಇನ್ನೊಂದು. ಈ ಸಂಖ್ಯೆಯ ವಿಷಯದಲ್ಲಿ ಎದ್ದ ಪ್ರಶ್ನೆ ಒಂದೇ: ಇದು ಅವಿಭಾಜ್ಯವೋ ಅಲ್ಲವೋ? ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆ ಅವಿಭಾಜ್ಯ. 7, 31, 127 ಇಂಥವು. ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯುವುದು ಸಂಯುಕ್ತ. ಎರಡರ ಘಾತದಿಂದ ಒಂದನ್ನು ಕಳೆದು ಬರುವ ಸಂಖ್ಯೆಗಳ ಮೇಲೆ ಗಣಿತಜ್ಞರಿಗೆ ಪ್ರಾಚೀನ ಕಾಲದಿಂದಲೂ ಮೋಹವಿದೆ. ಅಂಥ ಸಂಖ್ಯೆ ಅವಿಭಾಜ್ಯವಾದಾಗಲೆಲ್ಲ ಅದರಿಂದ ಒಂದು 'ಪರಿಪೂರ್ಣ' ಸಂಖ್ಯೆ ಹುಟ್ಟುವುದೆಂದು ಗ್ರೀಸಿನ ಯೂಕ್ಲಿಡನು ತೋರಿಸಿದ್ದನು. 3ರಿಂದ 6 ಹುಟ್ಟುತ್ತದೆ, 7ರಿಂದ 28. ಈ 6, 28ಗಳು ತಮ್ಮನ್ನು ಭಾಗಿಸುವ ಚಿಕ್ಕ ಸಂಖ್ಯೆಗಳ ಮೊತ್ತಕ್ಕೆ ಸರಿಸಮವಾಗಿರುತ್ತವೆ. ಘಾತ ಸೂಚಿಸುವ ಸಂಖ್ಯೆ ಸಂಯುಕ್ತವಾಗಿದ್ದರೆ ಉತ್ತರವೂ ಸಂಯುಕ್ತವೇ. ಘಾತ ಅವಿಭಾಜ್ಯವಾಗಿದ್ದರೆ ಮಾತ್ರ ನಿಜವಾದ ಸಂಶಯ ಹುಟ್ಟುತ್ತದೆ. 2ರ 7ನೆಯ ಘಾತದಿಂದ ಬಂದ 127 ಅವಿಭಾಜ್ಯ. ಆದರೆ 11ನೆಯ ಘಾತದಿಂದ ಬಂದ 2047, 23 ಮತ್ತು 89ರ ಗುಣಲಬ್ಧ. 67 ಅವಿಭಾಜ್ಯ ಸಂಖ್ಯೆಯಾದುದರಿಂದ ನಮ್ಮ ಸಂಖ್ಯೆಯ ಹಣೆಬರಹ ಹೊರನೋಟಕ್ಕೆ ತಿಳಿಯುವಂಥದಲ್ಲ.

ಈ ಮೊಕದ್ದಮೆಯಲ್ಲಿ ಮೊದಲ ಹೇಳಿಕೆ ದಾಖಲಾದುದು 1644ರಲ್ಲಿ. ಫ್ರಾನ್ಸಿನ ಸಂನ್ಯಾಸಿ ಮಾರಿನ್ ಮರ್ಸೆನ್ ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ಒಂದು ಪಟ್ಟಿಯನ್ನು ಕೊಟ್ಟನು. 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಎಂಬ ಹನ್ನೊಂದು ಮಾತ್ರ ಅವಿಭಾಜ್ಯಗಳನ್ನು ಕೊಡುತ್ತವೆ, ಉಳಿದವೆಲ್ಲ ಸಂಯುಕ್ತಗಳನ್ನು ಕೊಡುತ್ತವೆ ಎಂಬುದು ಅವನ ಮಾತು. ಮರ್ಸೆನ್ ಸಾಮಾನ್ಯನಲ್ಲ. ಡೆಕಾರ್ಟ್, ಫರ್ಮಾ ಮುಂತಾದ ವಿದ್ವಾಂಸರೊಡನೆ ನಿರಂತರ ಪತ್ರವ್ಯವಹಾರವಿಟ್ಟುಕೊಂಡು, ಒಬ್ಬರ ಶೋಧವನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದವನು. ಅವನ ಮಠದ ಕೋಣೆಯೇ ಆ ಕಾಲದ ಯುರೋಪಿಗೆ ವಿಜ್ಞಾನದ ಅಂಚೆಮನೆಯಾಗಿತ್ತು. ಪಟ್ಟಿಯ ಜತೆಗೆ ಸಾಧನೆಯ ಕ್ರಮವನ್ನು ಅವನು ಕೊಡಲಿಲ್ಲ. ಆದರೂ ಪಟ್ಟಿ ನಿಂತಿತು, ಅವನ ಹೆಸರಿನ ಬಲದಿಂದ. ಈ ಜಾತಿಯ ಸಂಖ್ಯೆಗಳಿಗೆ ಇಂದಿಗೂ ಮರ್ಸೆನ್ ಸಂಖ್ಯೆಗಳೆಂದೇ ಹೆಸರು.

ಯಾರಾದರೂ ಭಾಗಿಸಿ ನೋಡಬಾರದಿತ್ತೆ ಎಂದು ಕೇಳುವುದು ಸುಲಭ. ಒಂದು ಸಂಖ್ಯೆ ಅವಿಭಾಜ್ಯವೆಂದು ನೇರ ಭಾಗಾಕಾರದಿಂದ ಖಚಿತಪಡಿಸಿಕೊಳ್ಳಬೇಕಾದರೆ ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳೆಲ್ಲದರಿಂದಲೂ ಭಾಗಿಸಿ ನೋಡಬೇಕು. ನಮ್ಮ ಸಂಖ್ಯೆಯ ವರ್ಗಮೂಲವೇ 1,214 ಕೋಟಿಯನ್ನು ಮೀರುತ್ತದೆ. ಒಬ್ಬನ ಆಯುಷ್ಯವಿರಲಿ, ಒಂದು ವಂಶದ ಆಯುಷ್ಯವೂ ಅದಕ್ಕೆ ಸಾಲದು. ಆದುದರಿಂದ ಒಪ್ಪುವವರು ಮರ್ಸೆನ್ನನ ಹೆಸರನ್ನು ನೋಡಿ ಒಪ್ಪಿದರು. ಒಪ್ಪದವರಿಗೆ ತಮ್ಮ ಸಂಶಯದ ಹೊರತು ಬೇರೆ ಆಧಾರವಿರಲಿಲ್ಲ.

ಭಾರತದ ಸಾಕ್ಷ್ಯ ಕಾನೂನು ಈ ಸ್ಥಿತಿಗೆ ತಕ್ಕ ಮಾತನ್ನು ಇಟ್ಟುಕೊಂಡಿದೆ. 1872ರ ಸಾಕ್ಷ್ಯ ಅಧಿನಿಯಮವು ಸಂಗತಿಗಳನ್ನು ಮೂರು ಬಗೆಯಾಗಿ ವಿಂಗಡಿಸಿತು: ಸಾಬೀತಾದುದು, ಸುಳ್ಳೆಂದು ಸಾಬೀತಾದುದು, ಎರಡೂ ಅಲ್ಲದೆ ಸಾಬೀತಾಗದೆ ಉಳಿದುದು. ಅದರ ಸ್ಥಾನದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಈ ಮೂರನ್ನು ಉಳಿಸಿಕೊಂಡಿದೆ. ಜನಸಾಮಾನ್ಯರು ಮೂರನೆಯದನ್ನು ಆಗಾಗ ಮರೆಯುತ್ತಾರೆ. ಅಲ್ಲಗಳೆಯದ ಮಾತು ನಿಜವಾದ ಮಾತೆಂದು ತಿಳಿಯುವುದು ಸಂತೆಯಲ್ಲಿಯೂ ಸಭೆಯಲ್ಲಿಯೂ ಕಾಣುವ ದೋಷ. ಮರ್ಸೆನ್ನನ ಹೇಳಿಕೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಆ ಮೂರನೆಯ ಕೋಣೆಯಲ್ಲಿತ್ತು. ಜನ ಅದನ್ನು ಮೊದಲನೆಯ ಕೋಣೆಯದೆಂದು ಭಾವಿಸಿದ್ದರು.

ಆ ಅಧಿನಿಯಮ ಬಂದ ನಾಲ್ಕು ವರ್ಷಗಳ ಮೇಲೆ, 1876ರಲ್ಲಿ, ಫ್ರಾನ್ಸಿನವನೇ ಆದ ಎದುವಾರ್ ಲ್ಯೂಕಾ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದನು. ಅವನ ಸಾಧನೆಯ ವಿಚಿತ್ರವೆಂದರೆ, ಸಂಖ್ಯೆ ಒಡೆಯುತ್ತದೆ ಎಂದು ಸಿದ್ಧವಾಯಿತು. ಯಾವ ಎರಡು ತುಂಡುಗಳಾಗಿ ಒಡೆಯುತ್ತದೆ ಎಂಬುದು ತಿಳಿಯಲೇ ಇಲ್ಲ.

ಇದು ಹೇಗೆ ಸಾಧ್ಯವೆಂಬುದನ್ನು ಆ ಪರೀಕ್ಷೆಯ ಇಂದಿನ ಸರಳ ರೂಪದಿಂದ ತಿಳಿಯಬಹುದು. 4ರಿಂದ ಆರಂಭಿಸಬೇಕು. ಅದರ ವರ್ಗದಿಂದ 2ನ್ನು ಕಳೆದು, ಪರೀಕ್ಷೆಗೆ ನಿಂತ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಆ ಶೇಷಕ್ಕೆ ಮತ್ತೆ ಅದೇ ಸಂಸ್ಕಾರ. ಘಾತಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಕೊನೆಯಲ್ಲಿ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಸಂಯುಕ್ತ. 2ರ 5ನೆಯ ಘಾತದಿಂದ ಬಂದ 31ನ್ನು ಪರೀಕ್ಷಿಸುವುದಾದರೆ ಮೂರು ಹೆಜ್ಜೆಗಳು: 4ರಿಂದ 14; 14ರಿಂದ 194, ಶೇಷ 8; 8ರಿಂದ 62, ಶೇಷ 0. ಆದುದರಿಂದ 31 ಅವಿಭಾಜ್ಯ. 2047ಕ್ಕೆ ಒಂಬತ್ತು ಹೆಜ್ಜೆಗಳು ಬೇಕು. ಕೊನೆಯಲ್ಲಿ ಉಳಿಯುವ ಶೇಷ 1736. ಆದುದರಿಂದ 2047 ಸಂಯುಕ್ತ. ಈ ಲೆಕ್ಕದಲ್ಲಿ 23 ಆಗಲಿ 89 ಆಗಲಿ ಎಲ್ಲಿಯೂ ಮುಖ ತೋರಿಸುವುದಿಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಸಂಖ್ಯೆಗೆ ಅರವತ್ತೈದು ಹೆಜ್ಜೆಗಳು. ಪ್ರತಿ ಹೆಜ್ಜೆಯಲ್ಲಿಯೂ ಇಪ್ಪತ್ತು ಇಪ್ಪತ್ತೊಂದು ಅಂಕಿಗಳ ವರ್ಗ. ಶ್ರಮ ದೊಡ್ಡದು, ಆದರೆ ಮನುಷ್ಯಸಾಧ್ಯ.

ನ್ಯಾಯಾಲಯಕ್ಕೆ ಇಂಥ ಸ್ಥಿತಿ ಹೊಸದಲ್ಲ. ಮೃತನ ಉಯಿಲಿನ ಮೇಲಿನ ಸಹಿ ಮೃತನದಲ್ಲವೆಂದು ಸಿದ್ಧವಾಗಬಹುದು. ಅದನ್ನು ಗೀಚಿದ ಕೈ ಯಾರದೆಂಬುದು ಕೊನೆಯವರೆಗೂ ತಿಳಿಯದಿರಬಹುದು. ಉಯಿಲು ಬಿದ್ದುಹೋಗುವುದಕ್ಕೆ ಮೊದಲನೆಯದು ಸಾಕು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಕಳ್ಳತನ ನಡೆದುದು ದಿಟ, ಕಳ್ಳ ಸಿಕ್ಕಿಲ್ಲ ಎಂಬ ಊರಿನಂತೆ ಗಣಿತಪ್ರಪಂಚ ಇಪ್ಪತ್ತೇಳು ವರ್ಷ ಕಳೆಯಿತು.

ಆ ಎರಡು ತುಂಡುಗಳನ್ನು ಹಿಡಿದು ತಂದವನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್. ಕಾಡಿನಲ್ಲೆಲ್ಲ ಅಲೆಯುವ ಅಗತ್ಯ ಅವನಿಗಿರಲಿಲ್ಲ. ಫರ್ಮಾ ಹದಿನೇಳನೆಯ ಶತಮಾನದಲ್ಲಿಯೇ ಒಂದು ಸುಳಿವನ್ನು ಬಿಟ್ಟುಹೋಗಿದ್ದನು: ಘಾತ ಅವಿಭಾಜ್ಯವಾಗಿರುವ ಇಂಥ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು ಆ ಘಾತದ ಇಮ್ಮಡಿಯಿಂದ ಭಾಗಿಸಿದರೆ ಶೇಷ 1 ಉಳಿಯಬೇಕು. 2047ರಲ್ಲಿ ಘಾತ 11, ಅದರ ಇಮ್ಮಡಿ 22. 23ನ್ನೂ 89ನ್ನೂ 22ರಿಂದ ಭಾಗಿಸಿದರೆ ಉಳಿಯುವುದು 1. ನಮ್ಮ ಸಂಖ್ಯೆಗೆ ಇಮ್ಮಡಿ 134. ಜತೆಗೆ, ಆ ಅವಿಭಾಜ್ಯವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಮಾತ್ರ ಉಳಿಯಬೇಕೆಂಬ ಇನ್ನೊಂದು ನಿಯಮವೂ ಉಂಟು. ಇವೆರಡು ಜರಡಿಗಳಿಂದ ಶಂಕಿತರ ಸಂಖ್ಯೆ ಬಹಳ ಇಳಿಯಿತು; ಆದರೂ ಕೋಲ್ ಕಡೆಗೆ ಹಿಡಿದ ಚಿಕ್ಕ ಅಪವರ್ತನದವರೆಗೆ ಬರುವಷ್ಟರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತರು ಉಳಿಯುತ್ತಾರೆ. ನಿಮಿಷಕ್ಕೊಂದರಂತೆ ದಿನಕ್ಕೆ ಎಂಟು ಗಂಟೆ ಕುಳಿತರೂ ಸಾವಿರದ ಐನೂರು ಭಾನುವಾರಗಳು ಬೇಕು. ಆದುದರಿಂದ ಅವನು ವರ್ಗಶೇಷಗಳ ಸಿದ್ಧಾಂತದ ನೆರವಿನಿಂದ ಇನ್ನೂ ಸಣ್ಣ ಕಣ್ಣಿನ ಜರಡಿಗಳನ್ನು ಹೆಣೆದುಕೊಂಡನು. ಕೊನೆಗೆ ಸಿಕ್ಕವು ಇವು: 19,37,07,721 ಮತ್ತು 7,61,83,82,57,287. ಎರಡನ್ನೂ 134ರಿಂದ ಭಾಗಿಸಿದರೆ ಉಳಿಯುವುದು 1. 8ರಿಂದ ಭಾಗಿಸಿದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 7.

1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ನೆರೆದ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಕೋಲ್ ದೊಡ್ಡ ಸಂಖ್ಯೆಗಳ ಅಪವರ್ತನವನ್ನು ಕುರಿತ ಪ್ರಬಂಧವನ್ನು ಮಂಡಿಸಿದನು. ಈ ಸಭೆಯ ಬಗೆಗೆ ಒಂದು ಕಥೆ ಪ್ರಸಿದ್ಧವಾಗಿದೆ. ಕೋಲ್ ಮಾತಿಲ್ಲದೆ ಹಲಗೆಯ ಬಳಿಗೆ ಹೋಗಿ, ಸೀಮೆಸುಣ್ಣದಿಂದ 2ರ 67ನೆಯ ಘಾತವನ್ನು ಲೆಕ್ಕಹಾಕಿ ಒಂದನ್ನು ಕಳೆದನಂತೆ. ಹಲಗೆಯ ಇನ್ನೊಂದು ಬದಿಗೆ ಸರಿದು ಆ ಎರಡು ಸಂಖ್ಯೆಗಳನ್ನು ಕೈಯಿಂದಲೇ ಗುಣಿಸಿದನಂತೆ. ಎರಡು ಉತ್ತರಗಳೂ ಒಂದಾದಾಗ ಅದೇ ಮೌನದಲ್ಲಿ ಬಂದು ಕುಳಿತನಂತೆ. ಸಭೆ ಚಪ್ಪಾಳೆ ತಟ್ಟಿತಂತೆ. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಎಷ್ಟು ಕಾಲ ಹಿಡಿಯಿತೆಂದು ಮುಂದೊಂದು ದಿನ ಕೇಳಿದಾಗ ಮೂರು ವರ್ಷಗಳ ಭಾನುವಾರಗಳೆಂದು ಕೋಲ್ ಉತ್ತರಿಸಿದನಂತೆ.

ಇಷ್ಟು 'ಅಂತೆ'ಗಳಿಗೆ ಕಾರಣವುಂಟು. ಕಥೆಯನ್ನು ಬರೆದವನು ಎರಿಕ್ ಟೆಂಪಲ್ ಬೆಲ್. ಕೋಲ್‌ನ ಶಿಷ್ಯನೇ ಹೌದು, ಆದರೆ ಅವನು ಕೊಲಂಬಿಯಾಕ್ಕೆ ಬಂದುದು ಅನಂತರ. ಸಭೆ ನಡೆದಾಗ ಅವನು ಆ ದೇಶದ ಇನ್ನೊಂದು ತೀರದ ಸ್ಟ್ಯಾನ್‌ಫರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದನು. ಬರೆದುದು ದಶಕಗಳು ಕಳೆದ ಮೇಲೆ. ಚಪ್ಪಾಳೆಯ ಮಾತು ಕೇಳಿ ಹೇಳಿದ ಸಾಕ್ಷ್ಯ, ಪಾಟೀಸವಾಲಿಗೆ ನಿಲ್ಲುವಂಥದಲ್ಲ. ಇಷ್ಟಾದರೂ ಕೋಲ್‌ನ ಪಕ್ಷಕ್ಕೆ ಒಂದು ಕೂದಲಿನಷ್ಟೂ ಹಾನಿಯಿಲ್ಲ. ಸಭೆಯೇ ನಡೆಯಲಿಲ್ಲವೆಂದು ನಾಳೆ ಯಾರಾದರೂ ಸಾಧಿಸಿದರೂ ಆ ಗುಣಾಕಾರ ನಿಲ್ಲುತ್ತದೆ. ಅದರ ಸಾಕ್ಷಿ ನ್ಯೂಯಾರ್ಕಿನಲ್ಲಿ ಕುಳಿತವರಲ್ಲ. ಗುಣಿಸಬಲ್ಲ ಯಾವ ಮನುಷ್ಯನಾದರೂ ಸರಿ.

ಅವಸರದಲ್ಲಿರುವವರು ಹಳೆಯ ಶಾಲೆಗಳ ಒಂಬತ್ತರ ತಾಳೆಯನ್ನು ನೋಡಬಹುದು. ಮೊದಲ ಅಪವರ್ತನದ ಅಂಕಿಗಳ ಮೊತ್ತ 37. ಒಂಬತ್ತುಗಳನ್ನು ಕಳೆದರೆ 1. ಎರಡನೆಯದರ ಮೊತ್ತ 64, ಅದೂ 1. ಗುಣಿಸಿದರೆ 1 ಬರಬೇಕು. ನಮ್ಮ ಸಂಖ್ಯೆಯ ಅಂಕಿಗಳ ಮೊತ್ತ 109, ಅದೂ 1. ಸರಿಹೋಯಿತು. ಕೊನೆಯ ಎರಡು ಅಂಕಿಗಳ ತಾಳೆಯೂ ಉಂಟು: 21ನ್ನು 87ರಿಂದ ಗುಣಿಸಿದರೆ 1827; ಸಂಖ್ಯೆ ಮುಗಿಯುವುದೂ 27ರಲ್ಲಿಯೇ. ಆದರೆ ಇವು ಸಾಧನೆಗಳಲ್ಲವೆಂಬುದನ್ನು ಮರೆಯಬಾರದು. ನಡುವಿನ ಎರಡು ಅಂಕಿಗಳನ್ನು ಯಾರಾದರೂ ಅದಲುಬದಲು ಮಾಡಿದರೆ ಈ ಎರಡು ತಾಳೆಗಳೂ ಮೋಸಹೋಗುತ್ತವೆ. ಇಂಥ ತಾಳೆ ತಪ್ಪನ್ನು ಹಿಡಿಯಬಲ್ಲದು, ಸತ್ಯವನ್ನು ಸ್ಥಾಪಿಸಲಾರದು. ಸ್ಥಾಪಿಸುವುದಕ್ಕೆ ಪೂರ್ತಿ ಗುಣಾಕಾರವೇ ಬೇಕು.

ಮರ್ಸೆನ್ನನ ಪಟ್ಟಿಯ ವಿಚಾರಣೆ ಅಲ್ಲಿಗೆ ಮುಗಿಯಲಿಲ್ಲ. 61ನೆಯ ಘಾತವನ್ನು ಅವನು ಬಿಟ್ಟುಬಿಟ್ಟಿದ್ದನು. ಅದು ಅವಿಭಾಜ್ಯವನ್ನೇ ಕೊಡುತ್ತದೆಂದು 1883ರಲ್ಲಿ ತೋರಿಸಿದವನು ರಷ್ಯದ ಉರಲ್ ಪ್ರಾಂತದ ಹಳ್ಳಿಯ ಪಾದ್ರಿ ಇವಾನ್ ಪೆರ್ವುಷಿನ್. 89 ಮತ್ತು 107ನೆಯ ಘಾತಗಳ ತಪ್ಪನ್ನು 1911ರಲ್ಲಿಯೂ 1914ರಲ್ಲಿಯೂ ತಿದ್ದಿದವನು ಅಮೆರಿಕದ ಹವ್ಯಾಸಿ ಗಣಿತಜ್ಞ ಪವರ್ಸ್. 257ನೆಯದು ಸಂಯುಕ್ತವೆಂದು ಆಮೇಲೆ ತಿಳಿಯಿತು. 1947ರ ಹೊತ್ತಿಗೆ ಪಟ್ಟಿಯ ಪರಿಶೀಲನೆ ಪೂರ್ತಿಯಾದಾಗ ಒಟ್ಟು ಐದು ತಪ್ಪುಗಳು: ಸೇರಬಾರದ ಎರಡು ಸೇರಿದ್ದುವು, ಸೇರಬೇಕಾದ ಮೂರು ಬಿಟ್ಟುಹೋಗಿದ್ದುವು. ದೊಡ್ಡ ಹೆಸರನ್ನು ತಿದ್ದಿದವರಲ್ಲಿ ರಾಜಧಾನಿಗಳಿಂದ ದೂರದ ಹಳ್ಳಿಯವನೂ ಇದ್ದನು, ಪೀಠವಿಲ್ಲದ ಹವ್ಯಾಸಿಯೂ ಇದ್ದನು. ಅವರ ಊರನ್ನಾಗಲಿ ಪದವಿಯನ್ನಾಗಲಿ ಲೆಕ್ಕ ಕೇಳಲಿಲ್ಲ.

ಇಷ್ಟೆಲ್ಲ ಓದಿದ ರೈತನೊಬ್ಬನು ಇದರಿಂದ ತನಗೇನೆಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಅವನ ಜೇಬಿನಲ್ಲಿಯೇ ಇದೆ. ಇಂದು ಜತ್ತ, ಅಕ್ಕಲಕೋಟೆಗಳ ಒಕ್ಕಲಿಗನು ತಲಾಠಿಯ ಶಾಯಿಯ ಸಹಿಗೆ ಕಾಯದೆ ಡಿಜಿಟಲ್ ಸಹಿಯುಳ್ಳ ಸಾತ್‌ಬಾರಾ ಉತಾರವನ್ನು ಪಡೆಯಬಲ್ಲನು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಅಂಥ ಸಹಿಗೆ ಮಾನ್ಯತೆ ಕೊಟ್ಟಿದೆ. ಡಿಜಿಟಲ್ ಸಹಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ವಿಧಾನ, 1977ರಲ್ಲಿ ರಿವೆಸ್ಟ್, ಷಮೀರ್, ಏಡ್ಲ್‌ಮನ್ ಎಂಬ ಮೂವರು ಕಂಡುಹಿಡಿದುದು, ಕೋಲ್‌ನ ಭಾನುವಾರಗಳ ಮೇಲೆಯೇ ನಿಂತಿದೆ. ಸಹಿ ಮಾಡುವವನು ಎರಡು ದೊಡ್ಡ ಅವಿಭಾಜ್ಯಗಳನ್ನು ಗುಟ್ಟಾಗಿಟ್ಟುಕೊಂಡು ಅವುಗಳ ಗುಣಲಬ್ಧವನ್ನು ಮಾತ್ರ ಲೋಕಕ್ಕೆ ಸಾರುತ್ತಾನೆ. ಸಹಿ ಮಾಡಲು ಗುಟ್ಟು ಬೇಕು. ಸಹಿಯನ್ನು ಪರೀಕ್ಷಿಸಲು ಗುಣಲಬ್ಧ ಸಾಕು. ಗುಣಲಬ್ಧವನ್ನು ಒಡೆದವನು ಸಹಿಯನ್ನು ನಕಲು ಮಾಡಬಲ್ಲನು. ಆದುದರಿಂದ ಸಾಮಾನ್ಯವಾಗಿ 617 ಅಂಕಿಗಳಷ್ಟು ಉದ್ದದ ಗುಣಲಬ್ಧವನ್ನು ಬಳಸುತ್ತಾರೆ.

ಅದನ್ನು ಒಡೆಯುವುದು ಅಸಾಧ್ಯವೆಂದು ಸಾಬೀತಾಗಿದೆಯೆ? ಇಲ್ಲ. ಅದೂ ಆ ಮೂರನೆಯ ಕೋಣೆಯಲ್ಲಿಯೇ ಇದೆ. 1977ರಲ್ಲಿ ಆ ಮೂವರು 129 ಅಂಕಿಗಳ ಒಂದು ಸಂಖ್ಯೆಯನ್ನು ಸವಾಲಾಗಿ ಪ್ರಕಟಿಸಿದಾಗ, ಅದನ್ನು ಒಡೆಯಲು ಕೋಟಿ ಕೋಟಿ ವರ್ಷಗಳು ಬೇಕೆಂಬ ಅಂದಾಜು ಅದರ ಜತೆಗೆ ಅಚ್ಚಾಗಿತ್ತು. ಸುಮಾರು ಆರುನೂರು ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಒಟ್ಟುಗೂಡಿಸಿ 1994ರಲ್ಲಿ, ಹದಿನೇಳೇ ವರ್ಷಗಳಲ್ಲಿ, ಅದನ್ನು ಒಡೆದರು. ಅದೇ ವರ್ಷ ಪೀಟರ್ ಶೋರ್, ಸಾಕಷ್ಟು ದೊಡ್ಡ ಕ್ವಾಂಟಮ್ ಗಣಕ ಕೈಗೂಡಿದರೆ ಇಂಥ ಸಂಖ್ಯೆಗಳು ಬೇಗನೆ ಒಡೆಯುವುವೆಂದು ತೋರಿಸಿದನು. ಕಾನೂನು ಇಲ್ಲಿ ವಿವೇಕದಿಂದ ನಡೆದಿದೆ. ಸುರಕ್ಷಿತ ವಿದ್ಯುನ್ಮಾನ ಸಹಿಯನ್ನು ನ್ಯಾಯಾಲಯ ನಿಜವೆಂದು ಭಾವಿಸಬೇಕು, ಅದಕ್ಕೆ ವಿರುದ್ಧವಾದುದು ಸಾಬೀತಾಗುವವರೆಗೆ. ಆ ಕೊನೆಯ ಮಾತೇ ಮುಖ್ಯ. ಭಾವನೆಗೆ ಎದುರು ಸಾಕ್ಷ್ಯ ತರುವ ಬಾಗಿಲನ್ನು ಕಾನೂನು ಮುಚ್ಚಿಲ್ಲ. ಗಣಕದಿಂದ ಬಂದ ಕಾಗದವೆಂದ ಮಾತ್ರಕ್ಕೆ ಅದು ಪ್ರಶ್ನಾತೀತವೆಂದು ಒಕ್ಕಲಿಗನು ತಿಳಿಯಬೇಕಾಗಿಲ್ಲ. ಅಧಿಕಾರಿಯೂ ಹಾಗೆ ಹೇಳಬಾರದು.

ಮರ್ಸೆನ್ನನ ಹೆಸರು ಒಂದು ತಪ್ಪನ್ನು 232 ವರ್ಷ ಹೊತ್ತು ನಡೆಯಿತು. ಅದನ್ನು ಇಳಿಸಿದುದು ಇನ್ನೊಂದು ದೊಡ್ಡ ಹೆಸರಲ್ಲ, ಲೆಕ್ಕ. ಆ ಲೆಕ್ಕವನ್ನು ಗಡಿಯ ಯಾವ ಕನ್ನಡ ಶಾಲೆಯ ಹುಡುಗಿಯಾದರೂ ಚೌಕುಳಿ ಪುಸ್ತಕದ ಒಂದು ಹಾಳೆಯಲ್ಲಿ ಇಂದು ಸಂಜೆಯೇ ಮಾಡಿ ನೋಡಬಹುದು. ದೊಡ್ಡದನ್ನು ಮೇಲೆ ಬರೆದು ಚಿಕ್ಕದರಿಂದ ಗುಣಿಸಿದರೆ ಎಂಟು ಸಾಲುಗಳು, ಅನಂತರ ಒಂದು ಕೂಡುವಿಕೆ. ಎರಡು, ಮೂರು, ಏಳು, ಒಂಬತ್ತರ ಮಗ್ಗಿಗಳು ಬಂದರೆ ಸಾಕು.